ಗಣಕಯಂತ್ರಕ್ಕೆ ತೋಡಿರಾಗದ ಪರಿಚಯ

ನಮ್ಮ ಊರಿನ ಸಂಗೀತ ಸಭೆಯೊಂದರ ಬೀರುವಿನಲ್ಲಿ ಹಲವು ವರ್ಷಗಳ ಕಚೇರಿಗಳ ಕ್ಯಾಸೆಟ್ಟುಗಳು ಧೂಳು ಹಿಡಿದು ಕುಳಿತಿದ್ದುವು. ಟೇಪಿನ ಮೇಲಿರುವ ಕಾಂತೀಯ ಲೇಪವು ಶಾಶ್ವತವಾದುದಲ್ಲ. ಅದನ್ನು ಹಿಡಿದಿಟ್ಟ ಅಂಟು ವರ್ಷಗಳುರುಳಿದಂತೆ ಸಡಿಲವಾಗಿ, ಲೇಪದೊಡನೆ ಧ್ವನಿಯೂ ಉದುರಿಹೋಗುವುದು. ಅವು ಪೂರ್ತಿಯಾಗಿ ಮೂಕವಾಗುವುದಕ್ಕೆ ಮುಂಚೆ ಅವುಗಳಲ್ಲಿರುವ ಸಂಗೀತವನ್ನು ಗಣಕಯಂತ್ರಕ್ಕೆ ಏರಿಸಿಡಬೇಕೆಂದು ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳೂ ನಾವೂ ಒಂದು ಬೇಸಗೆಯ ರಜೆಯಲ್ಲಿ ಕೆಲಸಕ್ಕೆ ಕುಳಿತೆವು. ಧ್ವನಿಯನ್ನು ಏರಿಸುವುದು ಸುಲಭವಾಗಿಯೇ ನಡೆಯಿತು. ಕ್ಯಾಸೆಟ್ಟಿನ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ನೋಡಿ ಹಾಡಿದವರ ಹೆಸರು, ರಾಗ, ತಾಳ, ದಿನಾಂಕ ಇವುಗಳನ್ನು ಒಂದು ಕೋಷ್ಟಕದಲ್ಲಿ ತುಂಬುವ ಕೆಲಸವನ್ನು ಮೂವರು ವಿದ್ಯಾರ್ಥಿಗಳು ಹಂಚಿಕೊಂಡರು.

ಕೆಲಸ ಮುಗಿದ ಮೇಲೆ, "ತೋಡಿರಾಗದ ಮುದ್ರಿಕೆಗಳು ಎಷ್ಟಿವೆ?" ಎಂದು ಯಂತ್ರವನ್ನು ಕೇಳಿದೆವು. ಅದು ಕೊಟ್ಟ ಉತ್ತರವನ್ನು ನೋಡಿ ನಮಗೆ ನಗು ಬಂದಿತು. ಅದರ ಲೆಕ್ಕದಲ್ಲಿ ಮೂರು ಬೇರೆ ಬೇರೆ ರಾಗಗಳಿದ್ದುವು. ಒಬ್ಬನು ಕನ್ನಡದಲ್ಲಿ 'ತೋಡಿ' ಎಂದು ಬರೆದಿದ್ದನು. ಇನ್ನೊಬ್ಬಳು ರೋಮನ್ ಲಿಪಿಯಲ್ಲಿ ಟಿ-ಓ-ಡಿ-ಐ ಎಂದು ಬರೆದಿದ್ದಳು. ಮೂರನೆಯವನು ಚೀಟಿಯಲ್ಲಿ ಇದ್ದಂತೆಯೇ, ತಮಿಳುನಾಡಿನ ರೂಢಿಯ ಪ್ರಕಾರ, ನಡುವೆ ಒಂದು ಎಚ್ ಸೇರಿಸಿ ಟಿ-ಎಚ್-ಓ-ಡಿ-ಐ ಎಂದು ಬರೆದಿದ್ದನು. ಇದು ಸಾಲದೆಂಬಂತೆ, 'ತೋಡಿ' ಎಂದು ಸರಿಯಾಗಿಯೇ ನಮೂದಾಗಿದ್ದ ಒಂದು ಮುದ್ರಿಕೆಯನ್ನು ಹಚ್ಚಿ ಕೇಳಿದಾಗ ಅದು ಹಿಂದೂಸ್ತಾನೀ ಗಾಯನವಾಗಿತ್ತು. ಹಿಂದೂಸ್ತಾನೀ ತೋಡಿಗೂ ಕರ್ನಾಟಕ ಸಂಗೀತದ ತೋಡಿಗೂ ಹೆಸರೊಂದನ್ನು ಬಿಟ್ಟರೆ ಸ್ವರಗಳು ಒಂದೇ ಅಲ್ಲ. ಅಂದರೆ, ಒಂದಾಗಬೇಕಾದ ಮೂರನ್ನು ಯಂತ್ರವು ಬೇರೆಯೆಂದಿತು. ಬೇರೆಯಾಗಬೇಕಾದ ಎರಡನ್ನು ಒಂದೆಂದಿತು.

ತಪ್ಪು ಯಂತ್ರದ್ದಲ್ಲ. ಗಣಕಯಂತ್ರಕ್ಕೆ ಅಕ್ಷರಗಳೆಂದರೆ ಬರಿಯ ಸಂಖ್ಯೆಗಳು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ 'ತೋಡಿ' ಎಂಬ ಶಬ್ದವು 3236, 3275, 3233, 3263 ಎಂಬ ನಾಲ್ಕು ಸಂಖ್ಯೆಗಳ ಸಾಲು. ರೋಮನ್ ಲಿಪಿಯ ಅದೇ ಶಬ್ದವು 84, 111, 100, 105. ಎಚ್ ಸೇರಿದೊಡನೆ 84ರ ಪಕ್ಕದಲ್ಲಿ 104 ಬಂದು ಕುಳಿತು ಸಾಲೇ ಬೇರೆಯಾಗುವುದು. ಈ ಸಾಲುಗಳು ಒಂದೇ ಅಲ್ಲವೆಂದು ಯಂತ್ರವು ಹೇಳಿದರೆ ಅದು ಸತ್ಯವನ್ನೇ ಹೇಳಿದಂತಾಯಿತು. ಇನ್ನೂ ಒಂದು ಸೋಜಿಗವುಂಟು. 'ತೋ' ಎಂಬಲ್ಲಿನ ಓತ್ವದ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ; ಎಚ್ಚರಿಕೆಯಿಂದ ಸಮನ್ವಯಗೊಳಿಸದಿದ್ದರೆ ಯಂತ್ರಕ್ಕೆ ಎರಡೂ ಬೇರೆ.

ಇಂತಹ ತೊಡಕು ನಮ್ಮೊಬ್ಬರದೇ ಅಲ್ಲ. ನಾಟಕಶಾಲೆಗಳು, ನೃತ್ಯಸಂಗ್ರಹಗಳು, ಬಾನುಲಿ ನಿಲಯಗಳು, ವಸ್ತುಸಂಗ್ರಹಾಲಯಗಳು ತಮ್ಮ ತಮ್ಮ ದಾಖಲೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸುತ್ತಿರುವ ಈ ಕಾಲದಲ್ಲಿ ಎಲ್ಲೆಡೆಯೂ ಇದೇ ಪ್ರಶ್ನೆ ಎದ್ದಿದೆ. ಇದಕ್ಕೆ ಕಂಡುಕೊಂಡಿರುವ ಪರಿಹಾರವನ್ನು ಸ್ಥೂಲವಾಗಿ 'ಸಮಾನ ಪದಕೋಶ' ಎನ್ನಬಹುದು. ಇದು ನಾವು ಮೇಜಿನ ಮೇಲಿಟ್ಟುಕೊಳ್ಳುವ ನಿಘಂಟಿನಂಥದಲ್ಲ. ಯಾವ ವಸ್ತುವಿಗೆ ಯಾವ ಗುರುತು, ಎರಡು ವಸ್ತುಗಳ ನಡುವಣ ಸಂಬಂಧಕ್ಕೆ ಯಾವ ಶಬ್ದ ಎಂಬುದರ ಬಗೆಗೆ ಅನೇಕರು ಕೂಡಿ ಮಾಡಿಕೊಂಡ ಒಪ್ಪಂದ.

ಒಪ್ಪಂದದ ಮೊದಲ ಅಂಶವು ಹೆಸರನ್ನೂ ವಸ್ತುವನ್ನೂ ಬೇರ್ಪಡಿಸುವುದು. ರಸಾಯನವಿಜ್ಞಾನದಲ್ಲಿ ಇದರ ಉದಾಹರಣೆ ಸಿದ್ಧವಾಗಿದೆ. ಇಂಗ್ಲಿಷರು ಸೋಡಿಯಂ ಎನ್ನುವ ಧಾತುವನ್ನು ಜರ್ಮನರು ನಾಟ್ರಿಯಂ ಎನ್ನುವರು. ಹೆಸರುಗಳು ಎಷ್ಟಾದರೂ ಇರಲಿ, ಪರಮಾಣು ಸಂಖ್ಯೆ 11 ಎಂದೊಡನೆ ವಿವಾದ ಮುಗಿಯಿತು. ರಾಗಕ್ಕೂ ಅಂಥದೊಂದು ಸಂಖ್ಯೆಯನ್ನು ಕೊಡಬಾರದೇಕೆ?

ನಮ್ಮ ಹಿರಿಯರು ಕೊಟ್ಟೇ ಇದ್ದರು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ವೆಂಕಟಮಖಿಯು ತನ್ನ 'ಚತುರ್ದಂಡೀಪ್ರಕಾಶಿಕೆ'ಯಲ್ಲಿ 72 ಮೇಳಗಳನ್ನು ಗಣಿತದಿಂದ ಸಾಧಿಸಿದನು. ಮಧ್ಯಮಗಳು ಎರಡು, ರಿಷಭ-ಗಾಂಧಾರಗಳ ಜೋಡಿಗಳು ಆರು, ಧೈವತ-ನಿಷಾದಗಳ ಜೋಡಿಗಳು ಆರು. ಇವನ್ನು ಗುಣಿಸಿದರೆ 72. ಅನಂತರದವರು ಈ ಮೇಳಗಳಿಗೆ ಹೆಸರಿಡುವಾಗ ಕಟಪಯಾದಿ ಎಂಬ ಜಾಣ ಉಪಾಯವನ್ನು ಬಳಸಿದರು. ಕ, ಟ, ಪ, ಯ ಇವುಗಳಿಂದ ಮೊದಲ್ಗೊಂಡು ವ್ಯಂಜನಗಳನ್ನು ಒಂದು, ಎರಡು ಎಂದು ಎಣಿಸುತ್ತ ಹೋಗಬೇಕು. ರಾಗದ ಹೆಸರಿನ ಮೊದಲೆರಡು ಅಕ್ಷರಗಳ ಅಂಕಿಗಳನ್ನು ತಿರುಗುಮುರುಗಾಗಿ ಓದಬೇಕು. 'ಮಾಯಾಮಾಳವಗೌಳ'ದಲ್ಲಿ ಮಕಾರವು 5, ಯಕಾರವು 1, ತಿರುಗಿಸಿದರೆ 15. ಆದುದರಿಂದ ಅದು ಹದಿನೈದನೆಯ ಮೇಳ. ಹಳೆಯ ಶಂಕರಾಭರಣಕ್ಕೆ 'ಧೀರ' ಎಂಬ ಶಬ್ದವು ಅಂಟಿಕೊಂಡುದು ಅದರ ಧೈರ್ಯವನ್ನು ಮೆಚ್ಚಿ ಅಲ್ಲ, ಧಕಾರದ 9 ಮತ್ತು ರಕಾರದ 2 ಸೇರಿ 29 ಆಗಲೆಂದು. ಕಲ್ಯಾಣಿಯು 'ಮೇಚಕಲ್ಯಾಣಿ'ಯಾದುದೂ 65 ಎಂಬ ಸಂಖ್ಯೆಯ ಸಲುವಾಗಿಯೇ. ಹೆಸರನ್ನು ಕೇಳಿದೊಡನೆ ಸಂಖ್ಯೆ, ಸಂಖ್ಯೆಯಿಂದ ಸ್ವರಗಳು! ಇದಕ್ಕಿಂತ ಅಚ್ಚುಕಟ್ಟಾದ ಗುರುತಿನ ಪದ್ಧತಿಯನ್ನು ಇಂದಿನ ಯಂತ್ರಜ್ಞರೂ ಕಂಡುಹಿಡಿದಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು.

ಆದರೆ ಈ ಅಚ್ಚುಕಟ್ಟೇ ಅದರ ದೌರ್ಬಲ್ಯವೆಂಬುದು ಪಟ್ಟಿಯನ್ನು ಮಾಡಲು ಕುಳಿತಾಗ ತಿಳಿಯಿತು. ಮೇಳಗಳ ಹೆಸರಿನ ಪಟ್ಟಿಗಳು ಎರಡುಂಟು. ಕನಕಾಂಗಿಯಿಂದ ಮೊದಲಾಗುವ ಪಟ್ಟಿಯಲ್ಲಿ 28ನೆಯದು ಹರಿಕಾಂಭೋಜಿ. ಮುತ್ತುಸ್ವಾಮಿ ದೀಕ್ಷಿತರ ಪರಂಪರೆಯವರು ಅನುಸರಿಸುವ, ಕನಕಾಂಬರಿಯಿಂದ ಮೊದಲಾಗುವ ಪಟ್ಟಿಯಲ್ಲಿ 28ನೆಯದು ಹರಿಕೇದಾರಗೌಳ. ಮೊದಲನೆಯದರಲ್ಲಿ 22 ಎಂದರೆ ಖರಹರಪ್ರಿಯ, ಎರಡನೆಯದರಲ್ಲಿ ಶ್ರೀರಾಗ. ಇವು ಒಂದೇ ರಾಗದ ಎರಡು ಹೆಸರುಗಳಲ್ಲ. ಮೊದಲ ಪಟ್ಟಿಯಲ್ಲಿ ಮೇಳರಾಗಕ್ಕೆ ಏರುವಾಗಲೂ ಇಳಿಯುವಾಗಲೂ ಏಳು ಸ್ವರಗಳು ಇರಲೇಬೇಕು. ಎರಡನೆಯದರಲ್ಲಿ ಆ ಕಟ್ಟುಪಾಡಿಲ್ಲ. ಹೀಗಿರಲು ಮೊದಲ ಪಟ್ಟಿಯವರ ದೃಷ್ಟಿಯಲ್ಲಿ ಶ್ರೀರಾಗವು 22ರ ಮಗುವೇ ಹೊರತು 22 ಅಲ್ಲ. ಅರ್ಥವಿರುವ ಸಂಖ್ಯೆಯು ಒಂದು ಸಿದ್ಧಾಂತಕ್ಕೆ ಕಟ್ಟುಬಿದ್ದಿರುವುದು. ಸಿದ್ಧಾಂತವು ಬೇರೆಯಾದೊಡನೆ ಸಂಖ್ಯೆಯು ಸುಳ್ಳಾಗುವುದು. ಪರಮಾಣು ಸಂಖ್ಯೆಯನ್ನು ನಿಸರ್ಗವೇ ಕೊಟ್ಟಿದೆ, ನ್ಯೂಕ್ಲಿಯಸ್ಸಿನ ಪ್ರೋಟಾನುಗಳನ್ನು ಎಣಿಸಿದರಾಯಿತು. ರಾಗದೊಳಗೆ ಎಣಿಸಬಲ್ಲ ಪ್ರೋಟಾನುಗಳಿಲ್ಲ.

ಆದುದರಿಂದ ಇಂದಿನ ಪದಕೋಶಗಳನ್ನು ಕಟ್ಟುವವರು ಬೇಕೆಂದೇ ಅರ್ಥವಿಲ್ಲದ ಗುರುತುಗಳನ್ನು ಕೊಡುತ್ತಾರೆ. 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಮುಕ್ತ ದತ್ತಾಂಶಕೋಶದಲ್ಲಿ ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಗುರುತು ಕ್ಯೂ 41567. ಈ ಸಂಖ್ಯೆಯಿಂದ ನಾಟಕದ ಬಗೆಗೆ ಏನೂ ತಿಳಿಯುವುದಿಲ್ಲ, ತಿಳಿಯಬಾರದೆಂಬುದೇ ಉದ್ದೇಶ. ಮ್ಯೂಸಿಕ್‌ಬ್ರೇನ್ಸ್ ಎಂಬ ಸಂಗೀತದ ದತ್ತಾಂಶಕೋಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಯೊಂದು ಕೃತಿಗೂ ಕಲಾವಿದರಿಗೂ ಮುದ್ರಿಕೆಗೂ 36 ಚಿಹ್ನೆಗಳ ಉದ್ದನೆಯ ಗುರುತನ್ನು ಕೊಡುವುದು. ಅದು ಒಟ್ಟಿನಲ್ಲಿ 128 ಬಿಟ್ಟುಗಳ ಸಂಖ್ಯೆ. ಅದೃಚ್ಛಿಕವಾಗಿ ಆರಿಸುವ ಬಗೆಯಲ್ಲಿ ಅವುಗಳ ಪೈಕಿ 122 ಬಿಟ್ಟುಗಳು ಚೀಟಿ ಎತ್ತಿದಂತೆ ಬರುವುವು. 2ರ 122ನೆಯ ಘಾತವೆಂದರೆ 5ರ ಮುಂದೆ 36 ಸೊನ್ನೆಗಳನ್ನಿಟ್ಟುದಕ್ಕಿಂತಲೂ ಸ್ವಲ್ಪ ಹೆಚ್ಚು. ಇಷ್ಟು ದೊಡ್ಡ ರಾಶಿಯಿಂದ ಇಬ್ಬರು ಒಂದೇ ಚೀಟಿಯನ್ನು ಎತ್ತುವ ಭಯವಿಲ್ಲ. ಹೆಸರುಗಳೆಲ್ಲವೂ, ಕನ್ನಡದವು, ತಮಿಳಿನವು, ಎಚ್ ಇರುವವು ಮತ್ತು ಇಲ್ಲದವು, ಆ ಗುರುತಿಗೆ ಅಂಟಿಸಿದ ಚೀಟಿಗಳಾಗಿ ಉಳಿಯುವುವು.

ಗುರುತುಗಳು ಸಿದ್ಧವಾದ ಮೇಲೆ ಅವುಗಳನ್ನು ಜೋಡಿಸುವ ವಾಕ್ಯಗಳು ಬೇಕು. 1999ರಲ್ಲಿ ಡಬ್ಲ್ಯು3ಸಿ ಎಂಬ ಸಂಸ್ಥೆಯು ಆರ್‌ಡಿಎಫ್ ಹೆಸರಿನ ಒಂದು ಮಾನಕವನ್ನು ಅಂಗೀಕರಿಸಿತು. ಅದರಲ್ಲಿ ಪ್ರತಿಯೊಂದು ಹೇಳಿಕೆಗೂ ಮೂರೇ ಅಂಗಗಳು: ಯಾವುದರ ಬಗೆಗೆ, ಯಾವ ಸಂಬಂಧ, ಯಾವುದರೊಡನೆ. 'ಈ ಕೃತಿ, ಇದರ ವಾಗ್ಗೇಯಕಾರ, ತ್ಯಾಗರಾಜ'. 'ಈ ಕೃತಿ, ಇದರ ರಾಗ, ತೋಡಿ'. ಇಂಥ ಸಣ್ಣ ವಾಕ್ಯಗಳನ್ನು ಬೆಂಗಳೂರಿನಲ್ಲಿ ಒಬ್ಬರೂ ಬಾರ್ಸಿಲೋನದಲ್ಲಿ ಇನ್ನೊಬ್ಬರೂ ಬರೆದರೂ ಗುರುತುಗಳು ಒಂದೇ ಆಗಿದ್ದರೆ ಅವು ತಾವಾಗಿಯೇ ಹೆಣೆದುಕೊಳ್ಳುವುವು. 2009ರಲ್ಲಿ ಅದೇ ಸಂಸ್ಥೆಯು ಸ್ಕಾಸ್ ಎಂಬ ಇನ್ನೊಂದು ಮಾನಕವನ್ನು ಕೊಟ್ಟಿತು. ಅದು ಪದಕೋಶಗಳಿಗಾಗಿಯೇ ಮಾಡಿದುದು. ಒಂದು ಪರಿಕಲ್ಪನೆಗೆ ಒಂದೊಂದು ಭಾಷೆಯಲ್ಲಿ ಒಂದು ಮುಖ್ಯ ಹೆಸರು. ಉಳಿದ ಹೆಸರುಗಳೆಲ್ಲ ಪರ್ಯಾಯಗಳು. ಒಂದು ಪರಿಕಲ್ಪನೆಯು ಇನ್ನೊಂದಕ್ಕಿಂತ ವ್ಯಾಪಕವೋ ಸಂಕುಚಿತವೋ ಎಂದು ಹೇಳಬಹುದು. ಎರಡು ಪದಕೋಶಗಳ ನಡುವೆ 'ಇದೂ ಅದೂ ಒಂದೇ' ಎಂದಾಗಲಿ 'ಇದೂ ಅದೂ ಸಮೀಪ' ಎಂದಾಗಲಿ ಸೇತುವೆ ಕಟ್ಟಬಹುದು.

ಈ ಕೊನೆಯ ಎರಡರ ವ್ಯತ್ಯಾಸವನ್ನು ಗಣಿತ ಬಲ್ಲವರು ತಟಕ್ಕನೆ ಗ್ರಹಿಸುವರು. ಒಂದು '=' ಚಿಹ್ನೆ, ಇನ್ನೊಂದು '≈' ಚಿಹ್ನೆ. ಕರ್ನಾಟಕ ತೋಡಿಯ ಸ್ವರಗಳನ್ನು ಹಿಂದೂಸ್ತಾನೀ ಪದ್ಧತಿಯಲ್ಲಿ ಹುಡುಕಿದರೆ ಅವು ಭೈರವಿ ಥಾಟಿನಲ್ಲಿ ಸಿಕ್ಕುವುವು. ಹಿಂದೂಸ್ತಾನೀ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ಭೈರವಿಯೋ, ಇವೆರಡೂ ಅಲ್ಲದೆ ನಠಭೈರವಿಯ ಜನ್ಯ. ನಮ್ಮ ಹಿಂದೋಳವನ್ನು ಉತ್ತರದವರು ಮಾಲ್‌ಕಂಸ್ ಎನ್ನುವರು. ಅವರ ಹಿಂಡೋಲ್ ಬೇರೆಯೇ. ಇಷ್ಟರಲ್ಲಿ '=' ಹಾಕಬಹುದಾದ ಜೋಡಿ ಯಾವುದಾದರೂ ಇದೆಯೇ? ಮೋಹನವನ್ನೂ ಭೂಪ್ ರಾಗವನ್ನೂ ತೆಗೆದುಕೊಳ್ಳೋಣ. ಐದು ಸ್ವರಗಳೂ ಒಂದೇ. ಆದರೂ ಗಮಕ ಬೇರೆ, ನಡೆ ಬೇರೆ. ಸ್ವರಶ್ರೇಣಿಗಳ ನಡುವೆ '=' ಹಾಕಬಹುದು, ರಾಗಗಳ ನಡುವೆ '≈' ಮಾತ್ರ. 'ಸ್ವರಶ್ರೇಣಿ' ಮತ್ತು 'ರಾಗ' ಎಂಬ ಎರಡು ಪರಿಕಲ್ಪನೆಗಳನ್ನು ಬೇರೆಯಾಗಿ ಇಟ್ಟುಕೊಳ್ಳದ ಪದಕೋಶದಲ್ಲಿ ಇದನ್ನು ಹೇಳುವುದಕ್ಕೆ ಸಾಧ್ಯವೇ ಇಲ್ಲ.

ಇದು ಕೇವಲ ಪಂಡಿತರ ಚರ್ಚೆಯೆಂದು ವಾಚಕರು ಭಾವಿಸಬಾರದು. 2011ರಿಂದ 2017ರವರೆಗೆ ಬಾರ್ಸಿಲೋನದ ಪೊಂಪೆಉ ಫಾಬ್ರ ವಿಶ್ವವಿದ್ಯಾನಿಲಯದಲ್ಲಿ ಷಾವಿಯರ್ ಸೆರ್ರ ಎಂಬವರ ನೇತೃತ್ವದಲ್ಲಿ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನೆ ನಡೆಯಿತು. ಗಣಕಯಂತ್ರದಿಂದ ಸಂಗೀತವನ್ನು ವಿಶ್ಲೇಷಿಸುವ ವಿಧಾನಗಳೆಲ್ಲವೂ ಪಾಶ್ಚಾತ್ಯ ಸಂಗೀತವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆದಿರುವುದನ್ನು ಕಂಡು, ಕರ್ನಾಟಕ, ಹಿಂದೂಸ್ತಾನೀ, ತುರ್ಕಿಯ ಮಕಾಮ್, ಬೀಜಿಂಗ್ ಸಂಗೀತನಾಟಕ ಮತ್ತು ಅರಬ್-ಆಂದಲೂಸೀ ಎಂಬ ಐದು ಪರಂಪರೆಗಳನ್ನು ಅವರು ಆರಿಸಿಕೊಂಡರು. ಮದರಾಸು ಮತ್ತು ಮುಂಬಯಿಯ ಐಐಟಿಗಳವರೂ ಅದರಲ್ಲಿ ಸೇರಿದ್ದರು. ಧ್ವನಿಯಿಂದ ರಾಗವನ್ನು ಗುರುತಿಸುವುದನ್ನು ಯಂತ್ರಕ್ಕೆ ಕಲಿಸಬೇಕಾದರೆ, ಗಾಯಕನ ಷಡ್ಜವನ್ನು ಮೊದಲು ಕಂಡುಹಿಡಿದು, ಯಾವ ಸ್ವರಸ್ಥಾನದಲ್ಲಿ ಧ್ವನಿಯು ಎಷ್ಟು ಹೊತ್ತು ನಿಂತಿತೆಂದು ಅಳೆದು, ಆ ಅಳತೆಗಳನ್ನು ರಾಗದ ಹೆಸರಿನೊಡನೆ ಜೋಡಿಸಿ ಸಾವಿರಾರು ಸಲ ತೋರಿಸಬೇಕು. ಹೆಸರೇ ತಪ್ಪಾಗಿದ್ದರೆ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೇನು? ತೋಡಿ ಎಂಬ ಒಂದೇ ಚೀಟಿಯ ಕೆಳಗೆ ಎರಡು ರಾಗಗಳನ್ನು ತೋರಿಸಿದ ಯಂತ್ರವು ಮೂರನೆಯದೊಂದು, ಯಾರೂ ಹಾಡದ ರಾಗವನ್ನು ಕಲಿತುಕೊಳ್ಳುವುದು. ಅವರು ತಮ್ಮ ಮುದ್ರಿಕೆಗಳ ವಿವರಗಳನ್ನು ಪ್ರತ್ಯೇಕವಾಗಿ ಬಚ್ಚಿಟ್ಟುಕೊಳ್ಳದೆ ಮ್ಯೂಸಿಕ್‌ಬ್ರೇನ್ಸಿನ ಗುರುತುಗಳಿಗೆ ಜೋಡಿಸಿದರು. ಇಂದು ಅಲ್ಲಿ ಕೃತಿಯ ವಿವರದಲ್ಲಿ ಕರ್ನಾಟಕ ರಾಗಕ್ಕೂ ತಾಳಕ್ಕೂ ಪ್ರತ್ಯೇಕ ಸ್ಥಾನಗಳಿವೆ.

ವ್ಯಾಪಕ-ಸಂಕುಚಿತ ಎಂಬ ಸಂಬಂಧಕ್ಕೆ ಬಲು ಸೊಗಸಾದ ಉದಾಹರಣೆಯು ವಾದ್ಯಗಳಲ್ಲಿದೆ. ಅದರ ಕಥೆ ನಮ್ಮ ನಾಡಿನಿಂದಲೇ ಹೊರಡುವುದರಿಂದ ಸ್ವಲ್ಪ ಬದಿಗೆ ಸರಿದು ಹೇಳುತ್ತೇವೆ. ಭರತನ ನಾಟ್ಯಶಾಸ್ತ್ರದಲ್ಲಿ ವಾದ್ಯಗಳು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆ: ತಂತಿಯವು, ಊದುವವು, ಚರ್ಮ ಬಿಗಿದವು, ಗಟ್ಟಿಯಾದವು. 1876ರಲ್ಲಿ ಕಲ್ಕತ್ತೆಯ ಸೌರೀಂದ್ರಮೋಹನ ಠಾಕೂರರು ಭಾರತೀಯ ವಾದ್ಯಗಳ ಒಂದು ಸಂಗ್ರಹವನ್ನು ಬೆಲ್ಜಿಯಮಿನ ದೊರೆಗೆ ಕಾಣಿಕೆಯಾಗಿ ಕಳುಹಿಸಿದರು. ಬ್ರಸೆಲ್ಸಿನ ವಾದ್ಯಸಂಗ್ರಹಾಲಯದ ಅಧಿಕಾರಿಯಾಗಿದ್ದ ಮಹಿಯೋನ್ ಎಂಬವರು ತಮ್ಮ ವಾದ್ಯಗಳ ಪಟ್ಟಿಗೆ ಈ ಚತುರ್ವಿಧ ವಿಭಾಗವನ್ನೇ ಆಧಾರವಾಗಿ ತೆಗೆದುಕೊಂಡರು. ಅದನ್ನು ಬೆಳೆಸಿ 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ಇಬ್ಬರು ವಿದ್ವಾಂಸರು ದಶಮಾಂಶ ಸಂಖ್ಯೆಗಳ ಪದ್ಧತಿಯೊಂದನ್ನು ಪ್ರಕಟಿಸಿದರು. ಪಿಟೀಲಿನ ಸಂಖ್ಯೆ ಅದರಲ್ಲಿ 321.322-71. ಮೊದಲನೆಯ 3 ಎಂದರೆ ತಂತುವಾದ್ಯ. ಒಂದೊಂದು ಅಂಕಿಯೂ ಸೇರಿದಂತೆ ಬಗೆ ಕಿರಿದಾಗುತ್ತ ಬಂದು ಕೊರಳುಳ್ಳ ಪೆಟ್ಟಿಗೆಯಾಕಾರದ ವಾದ್ಯವೆಂದಾಗುವುದು. ಕೊನೆಯ 71 ಕಮಾನಿನಿಂದ ನುಡಿಸುವುದನ್ನು ಸೂಚಿಸುವುದು. ಯೂರೋಪಿನ ವಾದ್ಯಸಂಗ್ರಹಾಲಯಗಳು ಕೂಡಿ ನಡೆಸಿದ ಮಿಮೋ ಎಂಬ ಯೋಜನೆಯು 2011ರಲ್ಲಿ ಇದನ್ನು ಪರಿಷ್ಕರಿಸಿತು. ಆದರೂ ಈ ಪದ್ಧತಿಯು ಆಕಾರವನ್ನು ನೋಡುವುದೇ ಹೊರತು ಹೆಸರನ್ನಲ್ಲ ಎಂಬುದನ್ನು ನೆನಪಿಡಬೇಕು. ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಯ ಒಡಹುಟ್ಟು. ಬಡಗುತಿಟ್ಟಿನ ಚಂಡೆಯ ಗಾತ್ರವೂ ನಾದವೂ ಬೇರೆ. 'ಚಂಡೆ' ಎಂದಷ್ಟೇ ಬರೆದು ಕೈಬಿಟ್ಟರೆ ಮುಂದೆ ಓದುವವನಿಗೆ ಯಾವ ತಿಟ್ಟಿನ ಆಟವೆಂಬುದೇ ತಿಳಿಯದು.

ಇಷ್ಟು ಹೊತ್ತು ಹೆಸರುಗಳ ಮಾತಾಯಿತು. ರಂಗಕಲೆಗಳಲ್ಲಿ ನಿಜವಾದ ಕಷ್ಟವಿರುವುದು ಹೆಸರಿನಲ್ಲಲ್ಲ, 'ವಸ್ತು ಯಾವುದು' ಎಂಬುದರಲ್ಲಿ. ಪುಸ್ತಕವಾದರೆ ಕೈಯಲ್ಲಿ ಹಿಡಿಯಬಹುದು. ನಾಟಕವನ್ನು ಎಲ್ಲಿ ಹಿಡಿಯುವುದು? 'ಹ್ಯಾಮ್ಲೆಟ್' ಎಂದರೆ 1603ರಲ್ಲಿ ಅಚ್ಚಾದ ಚಿಕ್ಕ ಪಾಠವೋ, ಅದರ ಮರುವರ್ಷ ಹೊರಟ ದೊಡ್ಡ ಪಾಠವೋ, 1623ರ ಸಂಪುಟದಲ್ಲಿರುವುದೋ? ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಇದಕ್ಕೆ ನಾಲ್ಕು ಅಂತಸ್ತುಗಳನ್ನು ಹೇಳಿತು. ಕವಿಯ ಕಲ್ಪನೆಯಲ್ಲಿರುವ ಕೃತಿ, ಅದು ಪಡೆದ ಒಂದೊಂದು ಪಾಠ, ಆ ಪಾಠದ ಒಂದೊಂದು ಮುದ್ರಣ, ಆ ಮುದ್ರಣದ ಒಂದೊಂದು ಪ್ರತಿ. ರಂಗಭೂಮಿಯವರು ಇದನ್ನು ತಮಗೊಪ್ಪುವಂತೆ ತಿದ್ದಿಕೊಂಡು ನಾಟಕ, ರಂಗಪ್ರಯೋಗ, ಪ್ರದರ್ಶನ ಎಂದು ಮೂರಾಗಿ ವಿಂಗಡಿಸುವರು. ನಾಟಕಕಾರನ ಹೆಸರು ನಾಟಕಕ್ಕೆ, ನಿರ್ದೇಶಕ ಹಾಗೂ ಬೆಳಕಿನ ವಿನ್ಯಾಸಕನ ಹೆಸರುಗಳು ಪ್ರಯೋಗಕ್ಕೆ, ಆ ರಾತ್ರಿ ಜ್ವರ ಬಂದ ನಟನಿಗೆ ಬದಲಾಗಿ ಬಣ್ಣ ಹಚ್ಚಿದವನ ಹೆಸರು ಪ್ರದರ್ಶನಕ್ಕೆ ಸೇರತಕ್ಕವು. ಸ್ವಿಟ್ಜರ್ಲೆಂಡಿನಲ್ಲಿ 2017ರಲ್ಲಿ ನಾಟಕದ ಸಂಗ್ರಹವೂ ನೃತ್ಯದ ಸಂಗ್ರಹವೂ ಒಂದೇ ಸಂಸ್ಥೆಯಾಗಿ ಕೂಡಿಕೊಂಡುವು. ನಾಲ್ಕು ರಾಷ್ಟ್ರಭಾಷೆಗಳಿರುವ ಆ ದೇಶದಲ್ಲಿ ಇಂಥ ಅಂತಸ್ತುಗಳಿಗೆ ಒಪ್ಪಿತವಾದ ಗುರುತುಗಳಿಲ್ಲದೆ ಕೆಲಸ ಸಾಗುವುದು ಹೇಗೆ?

ಈ ಏಣಿಯನ್ನು ನಮ್ಮ ಕಲೆಗಳಿಗೆ ಒರಗಿಸಿ ನೋಡೋಣ. ತ್ಯಾಗರಾಜರ ಕೃತಿಯಲ್ಲಿ ರಾಗವು ಸಾಮಾನ್ಯವಾಗಿ ಕೃತಿಯ ಅಂಗವೇ ಆಗಿದೆ. ಅದನ್ನು ಮೇಲಿನ ಅಂತಸ್ತಿಗೆ ಅಂಟಿಸಿದರೆ ಸರಿ. ದಾಸರ ದೇವರನಾಮಗಳಲ್ಲಿ ಅನೇಕಕ್ಕೆ ಮೂಲದ ಧಾಟಿ ಉಳಿದುಬಂದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿಯೂ ಇನ್ನೊಬ್ಬರು ಮತ್ತೊಂದರಲ್ಲಿಯೂ ಹಾಡುವುದನ್ನು ಕೇಳದ ಕನ್ನಡಿಗರಿಲ್ಲ. ಇಲ್ಲಿ ರಾಗವನ್ನು ಕೃತಿಗೆ ಅಂಟಿಸುವುದು ತಪ್ಪು. ಅದು ಹಾಡುವ ಧಾಟಿಗೆ ಸೇರಿದುದು. ಇನ್ನು ರಾಗ-ತಾನ-ಪಲ್ಲವಿಯಲ್ಲಿ ಮುಕ್ಕಾಲು ಗಂಟೆ ಆಲಾಪನೆ ನಡೆಯಿತೆನ್ನಿ. ಅದಕ್ಕೆ ಮೇಲಿನ ಅಂತಸ್ತೇ ಇಲ್ಲ, ಯಾರೂ ಮುಂಚಿತವಾಗಿ ರಚಿಸಿದ ಕೃತಿಯಲ್ಲ. 'ಕೃತಿಯ ಹೆಸರು ಕಡ್ಡಾಯ' ಎನ್ನುವ ಕೋಷ್ಟಕದಲ್ಲಿ ಕಚೇರಿಯ ಶ್ರೇಷ್ಠ ಭಾಗಕ್ಕೆ ಕುಳಿತುಕೊಳ್ಳಲು ಚಾಪೆಯೇ ಇರುವುದಿಲ್ಲ.

ಯಕ್ಷಗಾನದಲ್ಲಿ ಏಣಿ ಇನ್ನೂ ಅಲುಗಾಡುವುದು. ಪ್ರಸಂಗದ ಪದ್ಯಗಳನ್ನು ಕವಿಯು ಬರೆದಿರುವನು, ನಿಜ. ಆದರೆ ಪಾತ್ರಧಾರಿಯು ಆಡುವ ಅರ್ಥವು ಆ ಹೊತ್ತಿನ ಪ್ರತಿಭೆಯಿಂದ ಹುಟ್ಟುವುದು. ನಾಳೆಯ ಆಟದಲ್ಲಿ ಅದೇ ಮಾತುಗಳು ಬರಲಾರವು. ಹಾಗಾದರೆ ಮಾತಿನ ಕರ್ತೃ ಯಾರು? ಯೂರೋಪಿನ ಮಾದರಿಯಲ್ಲಿ ಕರ್ತೃವು ಒಬ್ಬ, ನಟನು ಇನ್ನೊಬ್ಬ. ಭಾಗವತರ ಸಂಗತಿ ಹೇಗೆ? ಅವರು ಹಾಡುವರು, ಅದರೊಡನೆ ಆಟವನ್ನು ನಡೆಸುವವರೂ ಅವರೇ, ಯಾವ ಪದ್ಯವನ್ನು ಬಿಡಬೇಕು, ಯಾವುದನ್ನು ಎಳೆಯಬೇಕೆಂದು ರಂಗದಲ್ಲಿಯೇ ಕುಳಿತು ನಿರ್ಣಯಿಸುವವರು. ಪದಕೋಶದಲ್ಲಿ 'ಗಾಯಕ' ಮತ್ತು 'ನಿರ್ದೇಶಕ' ಎಂಬ ಎರಡು ಶಬ್ದಗಳಷ್ಟೇ ಇದ್ದರೆ ದಾಖಲೆ ಮಾಡುವವನು ಬಹುಶಃ 'ಗಾಯಕ'ವನ್ನು ಆರಿಸುವನು. ಭಾಗವತಿಕೆಯ ಅರ್ಧ ಭಾಗವು ಆ ಕ್ಷಣದಲ್ಲಿಯೇ ಕಾಣೆಯಾಗುವುದು. ಇದಕ್ಕಿರುವ ದಾರಿಯೊಂದೇ: 'ಭಾಗವತ' ಎಂಬುದನ್ನೇ ಒಂದು ಪರಿಕಲ್ಪನೆಯಾಗಿ ಪದಕೋಶಕ್ಕೆ ಸೇರಿಸಿ, ಗಾಯಕ ಮತ್ತು ನಿರ್ದೇಶಕ ಎರಡನ್ನೂ ಅದರ ವ್ಯಾಪಕ ಪರಿಕಲ್ಪನೆಗಳೆಂದು ಸೂಚಿಸುವುದು. ಒಂದು ಪರಿಕಲ್ಪನೆಗೆ ಇಬ್ಬರು ತಾಯಂದಿರಿರುವುದಕ್ಕೆ ಸ್ಕಾಸಿನಲ್ಲಿ ಅಡ್ಡಿಯಿಲ್ಲ. ಆದರೆ ಈ ಕೆಲಸವನ್ನು ಆಟ ನೋಡಿ ಬಲ್ಲವರು ಮಾಡಬೇಕೇ ಹೊರತು ದೂರದಲ್ಲಿರುವವರು ಮಾಡಿಯಾರೆಂದು ಕಾಯುವುದು ಸರಿಯಲ್ಲ.

ಪದಕೋಶವು ಜೀವಂತವಾಗಿರಬೇಕೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದನ್ನು ಕೊಡಬಹುದು. ಶೋಧಯಂತ್ರಗಳ ಕಂಪೆನಿಗಳು 2011ರಲ್ಲಿ ಆರಂಭಿಸಿದ ಸ್ಕೀಮಾ ಎಂಬ ಪದಾವಳಿಯಲ್ಲಿ ನಾಟಕ, ನೃತ್ಯ, ಸಂಗೀತಗಳ ಕಾರ್ಯಕ್ರಮಗಳಿಗೆ 'ರದ್ದಾಗಿದೆ', 'ಮುಂದೆ ಹಾಕಿದೆ' ಎಂಬ ಸ್ಥಿತಿಗಳಿದ್ದುವು. 2020ರ ಮಾರ್ಚಿನಲ್ಲಿ ಜಗತ್ತಿನ ರಂಗಮಂದಿರಗಳೆಲ್ಲ ಬಾಗಿಲು ಹಾಕಿದಾಗ 'ಜಾಲಕ್ಕೆ ಸ್ಥಳಾಂತರವಾಗಿದೆ' ಎಂಬ ಹೊಸ ಸ್ಥಿತಿಯನ್ನು ಅವಸರದಲ್ಲಿ ಸೇರಿಸಬೇಕಾಯಿತು.

ಇಂಥ ಒಪ್ಪಂದಗಳಿಂದ ಎಲ್ಲ ಕಲೆಗಳೂ ಒಂದೇ ಅಚ್ಚಿಗೆ ಬೀಳುವುವೆಂದು ಕೆಲವರು ಅಂಜುವರು. ನಮ್ಮ ವಿದ್ಯಾರ್ಥಿನಿಯೊಬ್ಬಳೂ ಇದನ್ನೇ ಕೇಳಿದಳು. ಅದಕ್ಕೆ ಶ್ರುತಿಯ ಉದಾಹರಣೆಯನ್ನು ಕೊಟ್ಟೆವು. ಯೂರೋಪಿನಲ್ಲಿ ಒಂದೊಂದು ಊರಿನ ವಾದ್ಯಮೇಳವು ಒಂದೊಂದು ಎತ್ತರದ ಶ್ರುತಿಯಲ್ಲಿ ನುಡಿಸುತ್ತಿತ್ತು. 1859ರಲ್ಲಿ ಫ್ರಾನ್ಸಿನ ಸರಕಾರವು 'ಎ' ಸ್ವರಕ್ಕೆ ಸೆಕೆಂಡಿಗೆ 435 ಕಂಪನಗಳೆಂದು ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವು 440 ಎಂದಿತು. 1975ರ ಐಎಸ್ಒ 16 ಎಂಬ ಮಾನಕವೂ ಅದನ್ನೇ ಹೇಳುವುದು. ನಮ್ಮ ಗಾಯಕರು ಇದಕ್ಕೆ ತಲೆಬಾಗಿದರೇ? ಇಲ್ಲ. ಪ್ರತಿಯೊಬ್ಬರೂ ತಮ್ಮ ಕಂಠಕ್ಕೆ ಒಪ್ಪುವ ಷಡ್ಜವನ್ನೇ ಇಟ್ಟುಕೊಂಡಿರುವರು. ಕಚೇರಿಯವರು ಅದನ್ನು 'ಒಂದು ಕಟ್ಟೆ', 'ಐದು ಕಟ್ಟೆ' ಎನ್ನುವರು. ಹಾರ್ಮೋನಿಯಮ್ಮಿನ ಬಳಕೆಯುಳ್ಳವರು 'ಬಿಳಿ', 'ಕಪ್ಪು' ಎಂದು ಮನೆಗಳನ್ನು ಎಣಿಸುವರು. ಐದು ಕಟ್ಟೆಯ ಷಡ್ಜವು ಸುಮಾರು 196 ಕಂಪನಗಳೆಂದು ಹೇಳಿದೊಡನೆ ಯಾವ ದೇಶದವನಿಗಾದರೂ ಅದು ತಿಳಿಯುವುದು. ಹೇಳಿದುದರಿಂದ ಹಾಡುವವರ ಶ್ರುತಿ ಕೂದಲೆಳೆಯಷ್ಟೂ ಕದಲಲಿಲ್ಲ. 1885ರಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬವರು ಒಂದು ಸ್ಥಾಯಿಯನ್ನು 1200 'ಸೆಂಟು'ಗಳಾಗಿ ಭಾಗಿಸಿ ನಾನಾ ದೇಶಗಳ ಸ್ವರಶ್ರೇಣಿಗಳನ್ನು ಹೋಲಿಸಿದಾಗಲೂ ನಡೆದುದು ಇದೇ. ಪಿಯಾನೋದ ಹನ್ನೆರಡು ಮನೆಗಳಿಗೆ ಬಗ್ಗದ ಸ್ವರಗಳು ಸಾಮಾನ್ಯ ಅಳತೆಗೋಲು ಬಂದ ಮೇಲೆಯೇ ಬೇರೆಯಾಗಿ ಕಾಣಿಸಿಕೊಂಡುವು.

ಇನ್ನು ನಮ್ಮ ಕ್ಯಾಸೆಟ್ಟುಗಳ ಸಂಗತಿ. ಕೋಷ್ಟಕವನ್ನು ಹೊಸದಾಗಿ ಮಾಡಿದೆವು. ಪದ್ಧತಿಗೊಂದು, ರಾಗದ ಗುರುತಿಗೊಂದು, ಚೀಟಿಯಲ್ಲಿ ಇದ್ದಂತೆ ಬರೆದ ಹೆಸರಿಗೊಂದು ಹೀಗೆ ಬೇರೆ ಬೇರೆ ಅಂಕಣಗಳನ್ನು ಎಳೆದೆವು. ತೋಡಿಗಳು ತಮ್ಮ ತಮ್ಮ ಮನೆಗಳನ್ನು ಸೇರಿದುವು. ಆಗ ಹುಡುಗನೊಬ್ಬನು, "ಸಾರ್, ಮೃದಂಗದವರ ಹೆಸರು ಎಲ್ಲಿ ಬರೆಯುವುದು?" ಎಂದು ಕೇಳಿದನು. ಮೊದಲಿನ ಕೋಷ್ಟಕದಲ್ಲಿ ನಾವು 'ಹಾಡಿದವರು' ಎಂಬ ಒಂದೇ ಅಂಕಣವನ್ನು ಎಳೆದಿದ್ದೆವು. ಚೀಟಿಗಳಲ್ಲಿ ಪಕ್ಕವಾದ್ಯದವರ ಹೆಸರುಗಳಿದ್ದರೂ ಅಂಕಣವಿಲ್ಲವೆಂಬ ಕಾರಣಕ್ಕೆ ಯಾರೂ ಅವನ್ನು ಬರೆದುಕೊಂಡಿರಲಿಲ್ಲ. ತಪ್ಪು ನಮ್ಮದೇ. ಪುನಃ ಬೀರುವನ್ನು ತೆರೆದು ನೋಡಿದಾಗ, ನಾವು ಎತ್ತಿ ಇಳಿಸಿದ ಗಲಾಟೆಯಲ್ಲಿ ಹಳೆಯ ಅಂಟು ಬಿಟ್ಟು ಕೆಲವು ಪೆಟ್ಟಿಗೆಗಳ ಚೀಟಿಗಳು ಬಿದ್ದುಹೋಗಿದ್ದುವು, ಕಸದೊಡನೆ ಗುಡಿಸಿಯೂ ಆಗಿತ್ತು.

ಸಭೆಯ ಹಿರಿಯ ಸದಸ್ಯರೊಬ್ಬರನ್ನು ಕರೆತಂದು ಆ ಮುದ್ರಿಕೆಗಳನ್ನು ಕೇಳಿಸಿದೆವು. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ತನಿ ಆವರ್ತನದ ಮುಕ್ತಾಯದಿಂದಲೇ ಎರಡರಲ್ಲಿ ನುಡಿಸಿದವರು ಯಾರೆಂದು ಹೇಳಿಬಿಟ್ಟರು. ಉಳಿದವುಗಳಲ್ಲಿ ಅವರಿಗೂ ಗುರುತು ಹತ್ತಲಿಲ್ಲ. ಅಂಕಣವನ್ನು ಖಾಲಿ ಬಿಡೋಣವೆಂದು ವಿದ್ಯಾರ್ಥಿಗಳು ಹೇಳಿದರು. ಖಾಲಿ ಬಿಟ್ಟರೆ ಆ ಕಚೇರಿಯಲ್ಲಿ ಮೃದಂಗವೇ ಇರಲಿಲ್ಲವೆಂದು ಯಾರಾದರೂ ಅರ್ಥ ಮಾಡಿಯಾರು. ವಿಕಿಡೇಟಾದಲ್ಲಿ ಇದಕ್ಕಾಗಿಯೇ ಎರಡು ಬೇರೆ ನಮೂದುಗಳುಂಟು: 'ಇಲ್ಲ' ಎಂಬುದು ಒಂದು, 'ಇರುವುದುಂಟು, ಆದರೆ ತಿಳಿಯದು' ಎಂಬುದು ಇನ್ನೊಂದು. ನಮ್ಮ ಕೋಷ್ಟಕದಲ್ಲಿ ಎರಡನೆಯ ನಮೂದು ಹನ್ನೊಂದು ಮುದ್ರಿಕೆಗಳ ಮುಂದೆ ಇದೆ.